ಅಮೆರಿಕದ ಚರ್ಚುಗಳು ವಲಸಿಗರ ಪರ ನಿಲ್ಲುವುದು ಕಾನೂನುಭಂಗವೇ?

ದಾಖಲೆಯಿಲ್ಲದೆ ಗಡಿ ದಾಟಿದವರನ್ನು ಅಮೆರಿಕದ ಚರ್ಚುಗಳು ಬೆಂಬಲಿಸುವುದು ಕಾನೂನನ್ನು ಮುರಿದಂತಲ್ಲವೇ, ಅಲ್ಲಿನ ಕ್ರೈಸ್ತರೆಲ್ಲ ಇದನ್ನು ಒಪ್ಪುತ್ತಾರೆಯೇ ಎಂದು ಕೇಳಿದ್ದೀರಿ. ಎರಡನೆಯ ಪ್ರಶ್ನೆಗೆ ಉತ್ತರ ಚಿಕ್ಕದು: ಒಪ್ಪುವುದಿಲ್ಲ. ಮೊದಲನೆಯದಕ್ಕೆ ಉತ್ತರ ಹೇಳಬೇಕಾದರೆ 1980ರ ದಶಕದ ಅರಿಜೋನಾದಿಂದ ಆರಂಭಿಸಬೇಕು. ನಾನು ಕ್ರೈಸ್ತನಲ್ಲ, ಅಮೆರಿಕದಲ್ಲಿ ನೆಲೆಸಿದ ಮೇಲೆ ನಮ್ಮ ಊರಿನ ಕಥೋಲಿಕ ಚರ್ಚೊಂದು ನಡೆಸುವ ಪೌರತ್ವ ಅರ್ಜಿ ಶಿಬಿರಗಳಲ್ಲಿ ಕೈಜೋಡಿಸುತ್ತ ಬಂದಿರುವುದರಿಂದ ಈ ಇತಿಹಾಸದಲ್ಲಿ ಆಸಕ್ತಿ ಹುಟ್ಟಿತು.

ಆಗ ಎಲ್ ಸಾಲ್ವಡಾರ್ ಮತ್ತು ಗ್ವಾಟೆಮಾಲಾಗಳಲ್ಲಿ ಅಂತರ್ಯುದ್ಧ ನಡೆದಿತ್ತು. ಜೀವಭಯದಿಂದ ಓಡಿಬಂದವರಿಗೆ ಆಶ್ರಯ ಕೇಳುವ ಹಕ್ಕನ್ನು ಅಮೆರಿಕದ ಸಂಸತ್ತು 1980ರ ನಿರಾಶ್ರಿತರ ಕಾಯ್ದೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಆದರೆ ಆ ಎರಡೂ ದೇಶಗಳ ಸರ್ಕಾರಗಳು ರೇಗನ್ ಆಡಳಿತಕ್ಕೆ ಬೇಕಾದವಾಗಿದ್ದವು; ಅಲ್ಲಿಂದ ಬಂದವರನ್ನು ನಿರಾಶ್ರಿತರೆಂದು ಒಪ್ಪಿದರೆ ಮಿತ್ರ ಸರ್ಕಾರಗಳು ತಮ್ಮ ಪ್ರಜೆಗಳನ್ನೇ ಕೊಲ್ಲುತ್ತಿವೆ ಎಂದು ಒಪ್ಪಿದಂತಾಗುತ್ತಿತ್ತು. ಹೀಗಾಗಿ 1984ರಲ್ಲಿ ಈ ದೇಶಗಳವರ ಅರ್ಜಿಗಳಲ್ಲಿ ಮಂಜೂರಾದವು ನೂರಕ್ಕೆ ಮೂರಕ್ಕಿಂತಲೂ ಕಡಿಮೆ.

ಟ್ಯೂಸಾನ್ ನಗರದ ಸೌತ್‌ಸೈಡ್ ಪ್ರೆಸ್ಬಿಟೇರಿಯನ್ ಚರ್ಚಿನ ಪಾದ್ರಿ ಜಾನ್ ಫೈಫ್ ಮತ್ತು ಕ್ವೇಕರ್ ಎಂಬ ಶಾಂತಿವಾದಿ ಕ್ರೈಸ್ತ ಪಂಥದ ಪಶುಪಾಲಕ ಜಿಮ್ ಕಾರ್ಬೆಟ್ ಮೊದಲು ಮಾಡಿದ್ದು ಕಾನೂನು ಒಪ್ಪುವ ಕೆಲಸವನ್ನೇ: ಬಂಧಿತರಿಗೆ ಜಾಮೀನು ಕಟ್ಟುವುದು, ಅರ್ಜಿ ಬರೆಸುವುದು. ಅರ್ಜಿಗಳು ಒಂದರ ಹಿಂದೊಂದು ತಿರಸ್ಕೃತವಾದ ಮೇಲೆ, 1982ರ ಮಾರ್ಚ್ 24ರಂದು, ಅಂದರೆ ಸಾಲ್ವಡಾರಿನ ಆರ್ಚ್‌ಬಿಷಪ್ ರೊಮೆರೊ ಹತ್ಯೆಯಾಗಿ ಸರಿಯಾಗಿ ಎರಡು ವರ್ಷ ತುಂಬಿದ ದಿನ, ಚರ್ಚು ತನ್ನನ್ನು ಆಶ್ರಯತಾಣವೆಂದು ಬಹಿರಂಗವಾಗಿ ಘೋಷಿಸಿಕೊಂಡಿತು. ಹೊರಗೆ ಎರಡು ಬ್ಯಾನರುಗಳು ತೂಗಿದವು. ಮಧ್ಯ ಅಮೆರಿಕದ ಪೀಡಿತರಿಗೆ ಇದು ಆಶ್ರಯ ಎಂದು ಒಂದು ಹೇಳಿದರೆ, ದೇವರ ಆಲಯವನ್ನು ಅಪವಿತ್ರಗೊಳಿಸಬೇಡಿ ಎಂದು ಇನ್ನೊಂದು ವಲಸೆ ಅಧಿಕಾರಿಗಳಿಗೆ ಸ್ಪ್ಯಾನಿಷ್‌ನಲ್ಲಿ ಎಚ್ಚರಿಸುತ್ತಿತ್ತು. ವಲಸೆ ಕಾಯ್ದೆಯ ಯಾವ ಕಲಮನ್ನು ಮುರಿಯಲಿದ್ದೇವೆ ಎಂಬುದನ್ನು ಫೈಫ್ ಕೇಂದ್ರದ ಅಟಾರ್ನಿ ಜನರಲ್‌ಗೆ ಪತ್ರ ಬರೆದೇ ತಿಳಿಸಿದ್ದರು.

ನಿಮ್ಮ ಪ್ರಶ್ನೆಗೆ ನೇರವಾಗಿ ತಾಗುವುದು ಇದರ ನಂತರದ ಬೆಳವಣಿಗೆ. ಕಾನೂನು ಮುರಿಯುತ್ತೇವೆ ಎಂಬ ಮಾತೇ ತಪ್ಪು ಎಂಬ ನಿಲುವಿಗೆ ಕಾರ್ಬೆಟ್ ಬಂದರು. ಅಂಕೋಲೆಯಲ್ಲಿ ಉಪ್ಪು ತಯಾರಿಸಿದ ಸತ್ಯಾಗ್ರಹಿಗಳು ಅನ್ಯಾಯದ ಕಾನೂನನ್ನು ಸಾರಿ ಹೇಳಿಯೇ ಮುರಿದರು. ಕಾರ್ಬೆಟ್ ದೃಷ್ಟಿಯಲ್ಲಿ ನಿರಾಶ್ರಿತರ ಕಾನೂನು ನ್ಯಾಯವಾಗಿಯೇ ಇತ್ತು, ಅದನ್ನು ಮುರಿಯುತ್ತಿದ್ದುದು ಸರ್ಕಾರ. ಸರ್ಕಾರ ಕೈಬಿಟ್ಟ ಕಾನೂನನ್ನು ಪ್ರಜೆಗಳು ಪಾಲಿಸುತ್ತಿದ್ದಾರೆ, ಅಷ್ಟೆ. ಆದ್ದರಿಂದಲೇ ಟ್ಯೂಸಾನಿನವರು ಬಂದವರನ್ನೆಲ್ಲ ಕರೆತರಲಿಲ್ಲ. ಯಾರಿಗೆ ನಿಜವಾಗಿ ಜೀವಭಯವಿದೆ ಎಂದು ವಿಚಾರಿಸಿ ಆರಿಸುತ್ತಿದ್ದರು. ಈ ಎಚ್ಚರವನ್ನು ಚಳವಳಿಯ ಇತರ ಕೆಲವು ಗುಂಪುಗಳು ಮೆಚ್ಚಲಿಲ್ಲ, ಆದರೆ ನನ್ನ ಮಟ್ಟಿಗೆ ಅದೇ ಅವರ ವಾದದ ಬಲ.

ಸರ್ಕಾರ ಗುಪ್ತವಾಗಿ ಧ್ವನಿಮುದ್ರಣ ಮಾಡುವ ಮಾಹಿತಿದಾರರನ್ನು ಚರ್ಚಿನ ಸಭೆಗಳೊಳಕ್ಕೆ ಕಳುಹಿಸಿತು. 1985ರ ಜನವರಿಯಲ್ಲಿ ಹದಿನಾರು ಜನರ ಮೇಲೆ ಮೊಕದ್ದಮೆ ಹೂಡಲಾಯಿತು. ಸಾಲ್ವಡಾರಿನಲ್ಲಿ ಏನು ನಡೆಯುತ್ತಿದೆ, ಆರೋಪಿಗಳ ಧಾರ್ಮಿಕ ನಂಬಿಕೆ ಏನು, 1980ರ ಕಾಯ್ದೆ ಏನು ಹೇಳುತ್ತದೆ ಎಂಬುದನ್ನು ಜ್ಯೂರಿಯ ಮುಂದೆ ವಾದಿಸಲು ನ್ಯಾಯಾಧೀಶರು ಬಿಡಲಿಲ್ಲ. 1986ರ ಮೇ ತಿಂಗಳಲ್ಲಿ ಫೈಫ್ ಸೇರಿ ಎಂಟು ಮಂದಿ ತಪ್ಪಿತಸ್ಥರೆಂದು ತೀರ್ಪಾಯಿತು, ಕಾರ್ಬೆಟ್ ಬಿಡುಗಡೆಯಾದರು; ಶಿಕ್ಷೆ ಪ್ರೊಬೇಷನ್‌ಗೆ, ಅಂದರೆ ಜೈಲಿನ ಬದಲು ನಿಗಾವಣೆಯಲ್ಲಿ ಬಿಡುವುದಕ್ಕೆ ಮುಗಿದು ಯಾರೂ ಜೈಲಿಗೆ ಹೋಗಲಿಲ್ಲ. ಇತ್ತ ಚರ್ಚುಗಳೇ ಸರ್ಕಾರದ ವಿರುದ್ಧ 1985ರಲ್ಲಿ ಹೂಡಿದ್ದ ಇನ್ನೊಂದು ದಾವೆಯಲ್ಲಿ 1990ರ ಕೊನೆಗೆ ರಾಜಿಯಾಗಿ, ಈ ಎರಡು ದೇಶಗಳ ಲಕ್ಷಾಂತರ ಜನರಿಗೆ ಹೊಸದಾಗಿ ವಿಚಾರಣೆ ಪಡೆಯುವ ಅವಕಾಶ ದೊರೆಯಿತು. ಕಾನೂನನ್ನು ಮುರಿದವರು ಯಾರು ಎಂಬ ಚರ್ಚೆಯಲ್ಲಿ ಇದನ್ನು ಮರೆಯಬಾರದು.

ಪ್ರವಚನಗಳಿಗಿಂತ ಹೆಚ್ಚು ಪರಿಣಾಮಕಾರಿಯಾದದ್ದು ಚರ್ಚುಗಳ ಕಾಗದಪತ್ರದ ಕೆಲಸ ಎಂಬುದು ನನ್ನ ಅಭಿಪ್ರಾಯ. 1986ರ ವಲಸೆ ಸುಧಾರಣಾ ಕಾಯ್ದೆಯಡಿ ಸುಮಾರು 27 ಲಕ್ಷ ಜನರಿಗೆ ಕಾನೂನುಬದ್ಧ ನೆಲೆ ಸಿಕ್ಕಾಗ ಅರ್ಜಿ ತುಂಬಿಸುವ ಹೊಣೆ ಹೊತ್ತವರಲ್ಲಿ ಕಥೋಲಿಕ ಸಂಸ್ಥೆಗಳೂ ಪ್ರಮುಖವಾಗಿದ್ದವು. ನಮ್ಮ ಶಿಬಿರದಲ್ಲಿಯೂ ಧರ್ಮದ ಮಾತು ಬರುವುದು ಅಪರೂಪ. ಕಳೆದ ಐದು ವರ್ಷಗಳಲ್ಲಿ ದೇಶ ಬಿಟ್ಟು ಹೋದ ದಿನ, ಮರಳಿದ ದಿನ, ವಾಸವಿದ್ದ ವಿಳಾಸಗಳನ್ನೆಲ್ಲ ಅರ್ಜಿ ಕೇಳುತ್ತದೆ. ಪಾಸ್‌ಪೋರ್ಟಿನ ಮಸುಕಾದ ಮುದ್ರೆಯನ್ನು ದೀಪದ ಕೆಳಗೆ ಹಿಡಿದು ತಾರೀಖು ಹುಡುಕುವುದರಲ್ಲೇ ಮಧ್ಯಾಹ್ನ ಕಳೆಯುತ್ತದೆ.

ಇನ್ನು ಭಿನ್ನಾಭಿಪ್ರಾಯದ ವಿಷಯ. ಪರದೇಶಿಯನ್ನು ಸೇರಿಸಿಕೊಂಡವನು ತನ್ನನ್ನೇ ಸೇರಿಸಿಕೊಂಡಂತೆ ಎಂದು ಯೇಸು ಹೇಳುವ ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯವನ್ನು ಒಂದು ಪಕ್ಷ ಓದುತ್ತದೆ. ಆಳುವವರಿಗೆ ಅಧೀನರಾಗಿರಿ ಎನ್ನುವ ರೋಮಾಪುರದವರಿಗೆ ಬರೆದ ಪತ್ರದ 13ನೆಯ ಅಧ್ಯಾಯವನ್ನು ಇನ್ನೊಂದು. ಗಡಿಯಲ್ಲಿ ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸುತ್ತಿದ್ದ 2018ರ ಜೂನ್‌ನಲ್ಲಿ ಅಟಾರ್ನಿ ಜನರಲ್ ಜೆಫ್ ಸೆಷನ್ಸ್ ಉದ್ಧರಿಸಿದ್ದು ಈ ಎರಡನೆಯದನ್ನೇ. ಬೈಬಲಿಗೇ ಪರಮ ಅಧಿಕಾರ ಕೊಡುವ ಇವ್ಯಾಂಜೆಲಿಕಲ್ ಪಂಥದ ಬಿಳಿಯ ಮತದಾರರಲ್ಲಿ ನೂರಕ್ಕೆ ಸುಮಾರು ಎಂಬತ್ತು ಮಂದಿ ಟ್ರಂಪ್ ಅವರನ್ನು ಬೆಂಬಲಿಸುತ್ತ ಬಂದಿದ್ದರೂ, ಅದೇ ಪಂಥದ ಹಿರಿಯರು 2012ರಲ್ಲಿ ವೇದಿಕೆಯೊಂದನ್ನು ಕಟ್ಟಿ ವಲಸೆ ಸುಧಾರಣೆಗೆ ಒತ್ತಾಯಿಸಿದರು. 2013ರಲ್ಲಿ ಸೆನೆಟ್ 68–32 ಮತಗಳಿಂದ ಅಂಗೀಕರಿಸಿದ ಸುಧಾರಣಾ ಮಸೂದೆಯನ್ನು ಕೆಳಮನೆ ಮತಕ್ಕೇ ಹಾಕಲಿಲ್ಲ. ಉದ್ಯೋಗದ ಆಧಾರದಲ್ಲಿ ಕೊಡುವ ಹಸಿರು ಕಾರ್ಡಿಗೆ, ಅಂದರೆ ಕಾಯಂ ವಾಸದ ಪರವಾನಗಿಗೆ, ದೇಶವಾರು ಇರುವ ಮಿತಿಯನ್ನು ತೆಗೆಯುವ ಪ್ರಸ್ತಾವ ಅದರಲ್ಲಿತ್ತು. ಸರದಿಯಲ್ಲಿ ವರ್ಷಾನುಗಟ್ಟಲೆ ಕಾಯುತ್ತ, ಗಡಿ ದಾಟಿದವರ ಮೇಲೆ ಸಿಡುಕುವ ನಮ್ಮ ಕನ್ನಡಿಗ ಮಿತ್ರರಿಗೆ ಇದನ್ನು ನಾನು ಆಗಾಗ ನೆನಪಿಸುತ್ತೇನೆ.

ಚರ್ಚಿನೊಳಗೆ ಬಂಧಿಸಬಾರದು ಎಂಬುದು ಅಮೆರಿಕದಲ್ಲಿ ಎಂದೂ ಕಾಯ್ದೆಯಾಗಿರಲಿಲ್ಲ. 2011ರಲ್ಲಿ ವಲಸೆ ಇಲಾಖೆ ಹೊರಡಿಸಿದ ಆಂತರಿಕ ಸೂಚನೆಯಷ್ಟೇ ಇತ್ತು. ಆ ರಕ್ಷಣೆಯನ್ನು 2025ರ ಜನವರಿಯಲ್ಲಿ ಹಿಂತೆಗೆದುಕೊಳ್ಳಲಾಯಿತು. ಕ್ವೇಕರ್ ಸಭೆಗಳು ಕೂಡಲೇ ನ್ಯಾಯಾಲಯಕ್ಕೆ ಹೋದವು, ಫೆಬ್ರವರಿಯಲ್ಲಿ ಮೇರಿಲ್ಯಾಂಡಿನ ಕೇಂದ್ರ ನ್ಯಾಯಾಲಯ ತಡೆಯಾಜ್ಞೆ ನೀಡಿತು. ಅದೇ ವರ್ಷದ ನವೆಂಬರಿನಲ್ಲಿ ಕಥೋಲಿಕ ಬಿಷಪ್ಪರ ಸಮ್ಮೇಳನವೂ ಸಾಮೂಹಿಕ ಗಡೀಪಾರನ್ನು ವಿರೋಧಿಸುವ ಸಂದೇಶವನ್ನು 216 ಮತಗಳಿಂದ ಅಂಗೀಕರಿಸಿತು. ವಿರುದ್ಧ ಬಿದ್ದವು ಐದೇ ಮತ. ಆದರೆ ಮೇರಿಲ್ಯಾಂಡಿನ ಆ ತಡೆಯಾಜ್ಞೆ ದಾವೆ ಹೂಡಿದ ಸಭೆಗಳಿಗೆ ಮಾತ್ರ ಅನ್ವಯಿಸುವಂಥದ್ದಾಗಿತ್ತು. ಪಕ್ಕದ ಬೀದಿಯಲ್ಲಿ ಬೇರೊಂದು ಚರ್ಚಿದ್ದರೆ ಅದಕ್ಕೆ ಆ ರಕ್ಷಣೆ ಇರಲಿಲ್ಲ.