ಎಷ್ಟು ಕೊಡಬೇಕು, ಮೇಡಂ?

(ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಶಾರದಾ ಎಂದು ಕರೆಯೋಣ. ಮನೆಯಲ್ಲೇ ರವಿಕೆ ಹೊಲಿಯುತ್ತಾರೆ, ಇಬ್ಬರು ಮಕ್ಕಳು. ದಾರ ತರುತ್ತೇನೆಂದು ಹೇಳಿ ಬಂದಿದ್ದರು. ಹಿಂಸೆಗೊಳಗಾದ ಹೆಂಗಸರಿಗೆ ನೆರವಾಗುವ ನಮ್ಮ ಸರ್ಕಾರಿ ಸಖಿ ಕೇಂದ್ರದಲ್ಲಿ ಕುರ್ಚಿಯ ತುದಿಗೆ ಕುಳಿತವರೇ ಕರವಸ್ತ್ರದ ಗಂಟು ಬಿಚ್ಚಿದರು. ಒಳಗೆ ಮಡಚಿ ಮಡಚಿ ಬೆರಳಿನಷ್ಟಾಗಿದ್ದ ಎರಡು ಐನೂರರ ನೋಟು. "ಎಷ್ಟು ಕೊಡಬೇಕು, ಮೇಡಂ?"

ಮೊಣಕೈ ಊದಿತ್ತು. ಗಂಡ ಹೊಡೆದನೆಂಬ ಮಾತು ಬರಲು ಅರ್ಧ ಗಂಟೆ ಹಿಡಿಯಿತು. ಇಷ್ಟು ವರ್ಷ ಅವರನ್ನು ಕಟ್ಟಿಹಾಕಿದ್ದು ಲೆಕ್ಕಾಚಾರ: ವಕೀಲರಿಗೆ ಇಷ್ಟು, ಠಾಣೆಗೆ ಇಷ್ಟು, ಆಸ್ಪತ್ರೆಗೆ ಇಷ್ಟು. ಗೃಹಲಕ್ಷ್ಮಿಯ 2,000 ರೂಪಾಯಿ ಅವರ ಖಾತೆಗೇ ಬರುತ್ತದೆ. ಎಟಿಎಂ ಕಾರ್ಡು ಗಂಡನ ಜೇಬಿನಲ್ಲಿ.

ನೋಟುಗಳನ್ನು ಅವರ ಕೈಗೇ ಮರಳಿಸಿದೆ. "ಈ ಕೋಣೆ, ನನ್ನ ಸಂಬಳ, ಎಲ್ಲಾ 2013ರಲ್ಲಿ ಹೆಂಗಸರ ಸುರಕ್ಷತೆಗೆಂದು ಸರ್ಕಾರ ತೆಗೆದಿಟ್ಟ ನಿರ್ಭಯಾ ನಿಧಿಯದು. ದಾನವಲ್ಲ, ನಿಮ್ಮ ಪಾಲು" ಎಂದೆ. ಆ ಸಂಬಳ ಎಷ್ಟು ತಡವಾಗಿ ಬರುತ್ತದೆಂದು ಹೇಳಲಿಲ್ಲ.

ನಮ್ಮಲ್ಲಿ ಐದು ದಿನ ತಂಗಬಹುದು, ಆಮೇಲೆ ಬೇಕಾದರೆ ಹೆಚ್ಚು ದಿನ ಉಳಿಯಬಹುದಾದ ಸರ್ಕಾರದ ಆಶ್ರಯ ಮನೆ, ಶಕ್ತಿ ಸದನ. ಎರಡೂ ಬೇಡವೆಂದರು. "ಹೊಲಿಗೆ ಯಂತ್ರ ಅಲ್ಲಿದೆ, ಮಕ್ಕಳ ಶಾಲೆ ಅಲ್ಲಿದೆ. ನಾನೇಕೆ ಮನೆ ಬಿಡಬೇಕು?" ನ್ಯಾಯವಾದ ಪ್ರಶ್ನೆ.

ಹಾಗಾದರೆ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ಪೆಟ್ಟನ್ನು ದಾಖಲಿಸಿ, ಚೀಟಿ ಜೋಪಾನವಾಗಿಡಿ ಎಂದೆ. ನಂತರ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಸಂರಕ್ಷಣಾಧಿಕಾರಿಯಿಂದ ಕೌಟುಂಬಿಕ ಘಟನಾ ವರದಿ, ಅಂದರೆ ನಡೆದ ಹಿಂಸೆಯ ಲಿಖಿತ ದಾಖಲೆ. ನಮ್ಮ ರಾಜ್ಯದಲ್ಲಿ ಆ ಹೊಣೆ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಹೆಗಲಿಗಿದೆ. ಅಂಗನವಾಡಿಯ ಮೊಟ್ಟೆಯ ಲೆಕ್ಕ ನೋಡುವವರೇ ಹೊಡೆತದ ಲೆಕ್ಕವನ್ನೂ ಬರೆಯಬೇಕು. ಇದಕ್ಕೆಂದೇ ಒಬ್ಬರನ್ನು ನೇಮಿಸಲು ದುಡ್ಡಿಡಬಾರದೇ ಎಂಬುದು ನನ್ನ ಹಳೆಯ ತಕರಾರು. "ಅಧಿಕಾರಿ ಸಿಗದಿದ್ದರೆ ಬರಿಗೈಯಲ್ಲಿ ಹಿಂದಿರುಗಬೇಡಿ. ದೂರು ಕೊಟ್ಟು ಸ್ವೀಕೃತಿ ಪಡೆಯಿರಿ." ಮ್ಯಾಜಿಸ್ಟ್ರೇಟರ ಮುಂದೆ ವಾಸದ ಹಕ್ಕು, ಖರ್ಚಿಗೆ ಹಣ, ಹೊಡೆಯದಂತೆ ಮಧ್ಯಂತರ ಆದೇಶ ಇವಿಷ್ಟನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದು. ವಕೀಲರನ್ನು ಕಾನೂನು ಸೇವಾ ಪ್ರಾಧಿಕಾರವೇ ಕೊಡುತ್ತದೆ. ಹೆಂಗಸರಿಗೆ ಆದಾಯದ ಮಿತಿಯಿಲ್ಲ.

"ಕಾರ್ಡನ್ನು ಈಗಲೇ ನಿಲ್ಲಿಸಿಬಿಡಲೇ?" ಎಂದು ಕೇಳಿದರು. ಬೇಡವೆಂದೆ. ದುಡ್ಡು ನಿಂತ ದಿನವೇ ಕೈ ಏಳುತ್ತದೆ. ಆದೇಶ ಕೈಗೆ ಬರಲಿ, ಮರುದಿನ ಬ್ಯಾಂಕಿಗೆ ಹೋಗೋಣ.

ಸಹಾಯವಾಣಿಯ 181 ಅನ್ನು ಮೊಬೈಲಿನಲ್ಲಿ ಉಳಿಸಲು ಹೆದರಿದರು, ಗಂಡ ನೋಡುತ್ತಾನೆ. ಚೀಲದಿಂದ ಅಳತೆ ಪುಸ್ತಕ ತೆಗೆದು ಯಾರದೋ ರವಿಕೆಯ ಅಳತೆಯ ಕೆಳಗೆ ತಾವೇ ಬರೆದುಕೊಂಡರು: ಎದೆ 36, ತೋಳು 10, 181.