ಗಸಗಸೆ ಬಿಡಿ, ಗೀಸರ್ ಆರಿಸಿ: ದುಬೈಗೆ ಹೊಸಬರ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ದುಬೈ, ಶಾರ್ಜಾ ಕಡೆಗೆ ಹೊಸದಾಗಿ ಹೊರಟವರದ್ದು. ನಾಲ್ಕನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನನಗೆ ದುಬೈಯಲ್ಲಿ ಕೆಲಸ ಸಿಕ್ಕಿ ಮೂರು ತಿಂಗಳಾಯಿತು. ಈಗ ಬೆಡ್ ಸ್ಪೇಸ್‌ನಲ್ಲಿ, ಅಂದರೆ ಹಂಚಿಕೊಂಡ ರೂಮಿನಲ್ಲಿ ಒಂದು ಮಂಚದಷ್ಟು ಜಾಗದಲ್ಲಿ ಇದ್ದೇನೆ. ಜೂನ್‌ನಲ್ಲಿ ಹೆಂಡತಿ ಮತ್ತು ನಾಲ್ಕು ವರ್ಷದ ಮಗಳನ್ನು ದಾವಣಗೆರೆಯಿಂದ ಕರೆಸಬೇಕು ಅಂತಿದ್ದೇನೆ. ವರ್ಷಕ್ಕೆ 60,000 ದಿರ್ಹಂ ಬಾಡಿಗೆಯ ಮನೆ ನೋಡಿದ್ದೇನೆ. ತಿಂಗಳಿಗೆ 5,000 ಆಯಿತು, ನಿಭಾಯಿಸಬಹುದು ಅಲ್ವಾ?

ಉತ್ತರ: ತಿಂಗಳ ಲೆಕ್ಕ ಹಾಕಿದ್ದೀರಿ, ಇಲ್ಲಿ ಎಡವುವುದೇ ಅಲ್ಲಿ. ದುಬೈಯಲ್ಲಿ ಬಾಡಿಗೆಯನ್ನು ವರ್ಷದ ಲೆಕ್ಕದಲ್ಲಿ ಮುಂದಿನ ತಾರೀಕಿನ ಚೆಕ್ ಕೊಟ್ಟು ಕಟ್ಟುತ್ತಾರೆ. ನಾಲ್ಕು ಚೆಕ್‌ಗೆ ಒಪ್ಪಿದರು ಅಂದುಕೊಳ್ಳಿ. ಮೊದಲ ಚೆಕ್ 15,000. ಏಜೆಂಟ್ ಕಮಿಷನ್ ಸಾಮಾನ್ಯವಾಗಿ ಶೇಕಡಾ 5, ಅದು 3,000. ಮನೆ ಮಾಲೀಕರ ಹತ್ತಿರ ಇಡುವ ಡೆಪಾಸಿಟ್ ಕೂಡ ಅಷ್ಟೇ, ಇನ್ನೊಂದು 3,000. ಕರೆಂಟು, ನೀರು ಕೊಡುವ ದೇವಾ (DEWA) ಸಂಸ್ಥೆಯ ಕನೆಕ್ಷನ್‌ಗೆ ಫ್ಲ್ಯಾಟ್ ಆದರೆ 2,000 ಡೆಪಾಸಿಟ್. ಒಳಗೆ ಒಂದು ಚಾಪೆಯೂ ಇಲ್ಲದೆ 23,000 ಹೋಯಿತು. ಆಮೇಲೆ ತಿಂಗಳ ದೇವಾ ಬಿಲ್ಲಿನಲ್ಲಿ ಹೌಸಿಂಗ್ ಫೀ ಅಂತ ಒಂದು ಸಾಲು ಬರುತ್ತದೆ. ವರ್ಷದ ಬಾಡಿಗೆಯ ಶೇಕಡಾ 5 ಅದು, 12 ಕಂತಿನಲ್ಲಿ. ನಿಮಗೆ ತಿಂಗಳಿಗೆ 250. ಹೊಸಬರು ಅದನ್ನು ನೋಡಿ ಬಿಲ್ ತಪ್ಪು ಬಂದಿದೆ ಅಂತ ಫೋನ್ ಮಾಡುತ್ತಾರೆ. ನಾನೂ ಮಾಡಿದ್ದೆ.

ಮನೆ ಒಪ್ಪುವ ಮುಂಚೆ ಒಂದು ಮಾತು ಕೇಳಿ: ಚಿಲ್ಲರ್ ಫ್ರೀನಾ? ಅಂದರೆ ಎಸಿ ತಂಪಿನ ಖರ್ಚು ಬಾಡಿಗೆಯಲ್ಲೇ ಸೇರಿದೆಯಾ ಅಂತ. ಕೆಲವು ಕಟ್ಟಡಗಳಲ್ಲಿ ಅದಕ್ಕೆ ಬೇರೆ ಕಂಪನಿಯ ಬೇರೆ ಬಿಲ್ ಬರುತ್ತದೆ. ಬಾಡಿಗೆ ಕಡಿಮೆ ಅಂತ ಖುಷಿಪಟ್ಟವರು ಆಗಸ್ಟ್ ಬಿಲ್ ನೋಡಿ ಬೆವರುತ್ತಾರೆ. ಒಪ್ಪಂದವನ್ನು ಇಜಾರಿಯಲ್ಲಿ, ಅಂದರೆ ಸರ್ಕಾರದ ಬಾಡಿಗೆ ನೋಂದಣಿಯಲ್ಲಿ, ನೋಂದಾಯಿಸದೆ ಕೀಲಿ ತಗೊಳ್ಳಬೇಡಿ. ದೇವಾ ಕನೆಕ್ಷನ್‌ಗೂ ಅದೇ ಬೇಕು, ನಾಳೆ ಮನೆ ಮಾಲೀಕರ ಜೊತೆ ಜಗಳ ಬಂದರೂ ಅದೇ ಬೇಕು.

ಶಾರ್ಜಾದಲ್ಲಿ ಬಾಡಿಗೆ ಕಡಿಮೆ, ನಿಜ. ಆದರೆ ಬೆಳಿಗ್ಗೆ ಅಲ್ಲಿಂದ ದುಬೈಗೆ ಬರುವ ಅಲ್ ಇತ್ತಿಹಾದ್ ರಸ್ತೆಯಲ್ಲಿ ಒಮ್ಮೆ ಬಂದು ನೋಡಿ, ಆಮೇಲೆ ತೀರ್ಮಾನಿಸಿ. ಉಳಿದ ದುಡ್ಡಿಗೆ ದಿನಾ ಎಷ್ಟು ಹೊತ್ತು ಕೊಡುತ್ತಿದ್ದೀರಿ ಅನ್ನೋದು ಗೊತ್ತಾಗುತ್ತದೆ.

ಇನ್ನು ಜೂನ್ ವಿಷಯ. ದಯವಿಟ್ಟು ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ಬೇರೆಯೇ ಊರು. ನಮ್ಮ ದಾವಣಗೆರೆಯ ಬಿಸಿಲು ಒಣ ಬಿಸಿಲು, ನೆರಳಿಗೆ ಹೋದರೆ ಹಿತ. ಇಲ್ಲಿ ಸಮುದ್ರದ ಪಸೆ ಸೇರಿಕೊಂಡು ರಾತ್ರಿ ಹತ್ತಕ್ಕೂ ಮೈ ಅಂಟಂಟು. ಎಸಿ ಕಟ್ಟಡದಿಂದ ಹೊರಗೆ ಕಾಲಿಟ್ಟರೆ ಕನ್ನಡಕ ಪೂರ್ತಿ ಮಂಜು, ಎರಡು ನಿಮಿಷ ಕುರುಡರೇ. ಬಯಲಿನಲ್ಲಿ ಕೆಲಸ ಮಾಡುವವರಿಗೆ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3 ಗಂಟೆತನಕ ಕೆಲಸ ಮಾಡಿಸಬಾರದು ಅಂತ ಕಾನೂನೇ ಇದೆ. ಅಂಥ ಹೊತ್ತಿನಲ್ಲಿ ಗುರುತು ಪರಿಚಯ ಇಲ್ಲದ ಊರಿನಲ್ಲಿ ಹೆಂಡತಿ, ಮಗು ನಾಲ್ಕು ಗೋಡೆ ನಡುವೆ ಕೂತರೆ ಎರಡೇ ವಾರಕ್ಕೆ ಊರಿಗೆ ಹೋಗೋಣ ಅನ್ನುತ್ತಾರೆ. ಅವರದ್ದು ತಪ್ಪಲ್ಲ. ಅಕ್ಟೋಬರ್ ಕೊನೆಗೆ ಕರೆಸಿ. ಸಂಜೆ ಪಾರ್ಕಿಗೆ ಹೋಗಬಹುದು, ಮಗುವಿಗೆ ಸೈಕಲ್ ಕೊಡಿಸಬಹುದು, ಪಕ್ಕದ ಮನೆಯವರ ಮುಖವೂ ಕಾಣುತ್ತದೆ. ಭಾರತೀಯ ಪಠ್ಯದ ಶಾಲೆಗಳು ಇಲ್ಲಿ ಏಪ್ರಿಲ್‌ನಲ್ಲಿ ಶುರುವಾಗುತ್ತವೆ, ಜುಲೈ, ಆಗಸ್ಟ್ ರಜೆ. ಆದ್ದರಿಂದ ಜೂನ್‌ನಲ್ಲೇ ಬಂದು ಆಗಬೇಕಾದ್ದೂ ಏನಿಲ್ಲ.

ಟಿಕೆಟ್ ಆಗಲೇ ಆಗಿದ್ದರೆ ಇಷ್ಟು ನೆನಪಿಡಿ. ತಾರಸಿಯ ಟ್ಯಾಂಕ್ ಬಿಸಿಲಿಗೆ ಕಾದು ತಣ್ಣೀರಿನ ನಲ್ಲಿಯಲ್ಲೂ ಸುಡುವ ನೀರು ಬರುತ್ತದೆ. ಗೀಸರ್ ಆರಿಸಿಡಿ. ಅದರೊಳಗಿನ ನೀರು ಮನೆಯ ಎಸಿಗೆ ಆರಿರುತ್ತದೆ. ಬೇಸಿಗೆಯಲ್ಲಿ ಬಿಸಿನೀರಿನ ನಲ್ಲಿ ತಿರುಗಿಸಿದರೆ ತಣ್ಣೀರು! ಮಗುವಿನ ಸ್ನಾನಕ್ಕೆ ಮೊದಲು ನೀರು ಮುಟ್ಟಿ ನೋಡೋದನ್ನಂತೂ ಮರೆಯಬೇಡಿ.

ಪ್ರಶ್ನೆ: ಮುಂದಿನ ತಿಂಗಳು ಮಗಳ ಮನೆಗೆ ಹೋಗುತ್ತಿದ್ದೇನೆ. ಬಾಣಂತನಕ್ಕೆ ಬೇಕಾದ್ದೆಲ್ಲ ಕಟ್ಟಿಕೊಂಡಿದ್ದೇನೆ. ಯಾವುದಾದರೂ ಬಿಡಬೇಕಾ? (ಮೈಸೂರು)

ಉತ್ತರ: ಅಮ್ಮ, ಗಸಗಸೆ ಇದ್ದರೆ ಈಗಲೇ ತೆಗೆದಿಡಿ. ನಮಗದು ಪಾಯಸದ ಸಾಮಾನು, ಇಲ್ಲಿನ ಕಾನೂನಿಗೆ ಅದು ಮಾದಕ ವಸ್ತುಗಳ ಸಾಲಿನದ್ದು. ಗೊತ್ತಿರಲಿಲ್ಲ ಅನ್ನೋ ಮಾತು ವಿಮಾನ ನಿಲ್ದಾಣದಲ್ಲಿ ನಡೆಯುವುದಿಲ್ಲ. ಪೊಟ್ಟಣ ಬಿಟ್ಟುಬಂದರೆ ಮುಗಿಯಲಿಲ್ಲ. ಮನೆಯಲ್ಲಿ ಕುಟ್ಟಿದ ಬಿಸಿಬೇಳೆಬಾತ್ ಪುಡಿಗೆ ಗಸಗಸೆ ಹಾಕಿದ್ದೀರಾ, ನೆನಪು ಮಾಡಿಕೊಳ್ಳಿ. ಹಾಕಿದ್ದರೆ ಅದೂ ಬೇಡ. ವೀಳ್ಯದೆಲೆಯೂ ತರುವ ಹಾಗಿಲ್ಲ.

ಮಾತ್ರೆಗಳಿಗೆ ಡಾಕ್ಟರ ಚೀಟಿ ಜೊತೆಗಿರಲಿ. ಟ್ರಾಮಡಾಲ್, ಕೋಡೀನ್ ಇರುವ ನೋವಿನ ಮಾತ್ರೆ, ಕೆಮ್ಮಿನ ಔಷಧಿಗಳಿಗೆ ಮೊದಲೇ ಇಲ್ಲಿನ ಸರ್ಕಾರದ ಅನುಮತಿ ಪಡೆಯಬೇಕು. ಅದು ಮಗಳೇ ಆನ್‌ಲೈನ್‌ನಲ್ಲಿ ಮಾಡಿಕೊಡಲಿ. ಉಳಿದ ಬೇಳೆ, ಬೆಲ್ಲ, ಒಣಶುಂಠಿ, ರಾಗಿ ಹಿಟ್ಟು ಎಲ್ಲ ದುಬೈಯ ಕರಾಮ, ಬರ್ ದುಬೈ ಬಡಾವಣೆಗಳ ಅಂಗಡಿಗಳಲ್ಲೇ ಸಿಗುತ್ತವೆ. ಸುಮ್ನೆ ಯಾಕೆ ಹೊರುತ್ತೀರಿ? ಆ ತೂಕಕ್ಕೆ ಹಳೇ ಮೆತ್ತನೆ ಸೀರೆಗಳನ್ನು ತನ್ನಿ, ಅವು ಮಾತ್ರ ಎಲ್ಲೂ ಸಿಗಲ್ಲ.

ಪ್ರಶ್ನೆ: ಮೂರು ವರ್ಷದಿಂದ ಶಾರ್ಜಾದಲ್ಲಿ ಎಸಿ ಟೆಕ್ನಿಷಿಯನ್. ಪಾಸ್‌ಪೋರ್ಟ್ ಕಂಪನಿಯ ಹತ್ತಿರ ಇದೆ. ಕೆಲಸ ಬಿಟ್ಟರೆ ಗ್ರಾಚುಟಿ ಕೊಡಲ್ಲ ಅಂತ ಹೆದರಿಸುತ್ತಿದ್ದಾರೆ. ಸಂಬಳ 3,000, ಬೇಸಿಕ್ 1,500.

ಉತ್ತರ: ಎರಡೂ ಸುಳ್ಳು ಹೆದರಿಕೆ. ಪಾಸ್‌ಪೋರ್ಟ್ ನಿಮ್ಮದು, ಕಂಪನಿ ಅದನ್ನು ಹಿಡಿದಿಟ್ಟುಕೊಳ್ಳುವುದು ಇಲ್ಲಿ ಕಾನೂನಿಗೆ ವಿರುದ್ಧ. ಒಂದು ವರ್ಷ ತುಂಬಿದ ಮೇಲೆ, ನೀವಾಗಿಯೇ ರಾಜೀನಾಮೆ ಕೊಟ್ಟರೂ ಗ್ರಾಚುಟಿ ಬರುತ್ತದೆ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲಿನ ವರ್ಷಗಳಿಗೆ 30 ದಿನದ್ದು. ನಿಮ್ಮ ದಿನದ ಬೇಸಿಕ್ 50, ವರ್ಷಕ್ಕೆ 1,050, ಮೂರು ವರ್ಷಕ್ಕೆ 3,150 ದಿರ್ಹಂ. ಕೆಲಸ ಮುಗಿದ 14 ದಿನದೊಳಗೆ ಕೊಡಬೇಕು. ಆದರೆ ನೋಟಿಸ್ ಅವಧಿ ಪೂರ್ತಿ ಮಾಡಿ, ಸಿಟ್ಟಿನಲ್ಲಿ ಎದ್ದು ಬರಬೇಡಿ. ಹೇಳದೆ ಕೇಳದೆ ಹೋದರೆ ಓಡಿಹೋದ ಅಂತ ಬರೆಸಿಬಿಡಬಹುದು, ಅದನ್ನು ಬಿಡಿಸಿಕೊಳ್ಳೋದೇ ದೊಡ್ಡ ಕೆಲಸ.

ಮೊದಲು ಲಿಖಿತವಾಗಿ ಕೇಳಿ. ವಾಟ್ಸಾಪ್ ಮೆಸೇಜ್ ಆದರೂ ಸರಿ, ಅಳಿಸಬೇಡಿ. ಕೊಡದಿದ್ದರೆ ಲೇಬರ್‌ಗೆ ದೂರು ಕೊಡಿ, ಅಂದರೆ ಮಾನವ ಸಂಪನ್ಮೂಲ ಸಚಿವಾಲಯಕ್ಕೆ. ಭಾಷೆಯ ತೊಂದರೆ ಇದ್ದರೆ ದುಬೈಯ ಭಾರತೀಯ ಕಾನ್ಸುಲೇಟ್‌ನ ಪ್ರವಾಸಿ ಭಾರತೀಯ ಸಹಾಯ ಕೇಂದ್ರಕ್ಕೆ ಮಾಡಿ: 800 46342. ಕಾಸಿಲ್ಲದ ಕರೆ.

ಪ್ರಶ್ನೆ: ಊರಲ್ಲಿ ಅಮ್ಮನಿಗೆ ವಾಟ್ಸಾಪ್ ಕಾಲ್ ಹೋಗುತ್ತಿಲ್ಲ. ರೂಮಿನವರು ವಿಪಿಎನ್ ಆಪ್ ಹಾಕು, ತಡೆ ದಾಟಿ ಹೋಗುತ್ತದೆ ಅನ್ನುತ್ತಾರೆ.

ಉತ್ತರ: ಹಾಕಬೇಡಿ. ಇಲ್ಲಿ ತಡೆದಿರೋದನ್ನು ವಿಪಿಎನ್ ಮೂಲಕ ನುಸುಳಿ ಬಳಸಿದರೆ ಕಾನೂನಿನಲ್ಲಿ 5 ಲಕ್ಷದಿಂದ 20 ಲಕ್ಷ ದಿರ್ಹಂವರೆಗೆ ದಂಡ ಬರೆದಿದೆ. ವಾಟ್ಸಾಪ್‌ನಲ್ಲಿ ಮೆಸೇಜು, ವಾಯ್ಸ್ ನೋಟ್ ಹೋಗುತ್ತವೆ, ಕರೆ ಮಾತ್ರ ಇಲ್ಲ. ಬೋಟಿಮ್‌ನಂಥ ಅನುಮತಿ ಇರುವ ಆಪ್ ಒಂದನ್ನು ಅಮ್ಮನ ಫೋನಿಗೂ ಹಾಕಿಸಿ. ಊರಿನಲ್ಲಿರುವ ತಂಗಿಯೋ ಪಕ್ಕದ ಮನೆ ಹುಡುಗನೋ ಹತ್ತು ನಿಮಿಷದಲ್ಲಿ ಕಲಿಸುತ್ತಾರೆ. ಇನ್ನೊಂದು, ಕೆಲಸ ಮುಗಿಸಿ ಊಟ ಮಾಡಿ ರಾತ್ರಿ ಒಂಬತ್ತಕ್ಕೆ ಫೋನ್ ಮಾಡುತ್ತೀರಿ ಅನಿಸುತ್ತದೆ. ಆಗ ಊರಲ್ಲಿ ಹತ್ತೂವರೆ, ಅಮ್ಮ ನಿದ್ದೆಗಣ್ಣಲ್ಲಿ ಹ್ಞೂಂ ಅಂತಾರೆ ಅಷ್ಟೇ. ಬೆಳಿಗ್ಗೆ ಆರೂವರೆಗೆ ಮಾಡಿ ನೋಡಿ. ಅಲ್ಲಿ ಎಂಟು ಗಂಟೆ, ಅವರ ಕಾಫಿ ಆಗಿರುತ್ತದೆ.