ಫೋಟೋ ತೆಗೆಸುವಾಗ ನಿನಗೆ ಗೊತ್ತಿತ್ತಾ?

"ಅಕ್ಕನ ಸೀಮಂತ ಕಳೆದ ವಾರ ಮುಗಿಯಿತು. ಎಲ್ಲರೂ ಸೇರಿ ಫೋಟೋ ತೆಗೆಸಿಕೊಂಡೆವು. ನನ್ನ ಮೊದಲ ಗೌರಿ ಹಬ್ಬಕ್ಕೆ ಅಂತ ಅಮ್ಮ ಈಗಲೇ ಮೊರಗಳನ್ನು ತಂದಿಟ್ಟಿದ್ದಾರೆ. ಅಷ್ಟು ಹೊತ್ತಿಗೆ ನಾವು ಇಲ್ಲಿ ಇರುವುದಿಲ್ಲ ಅಂತ ಅವರಿಗೆ ಗೊತ್ತೇ ಇಲ್ಲ. ಆ ಮೊರ ನೋಡಿ ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ."

ಬೆಂಗಳೂರಿನಲ್ಲಿರುವ ಒಬ್ಬ ಓದುಗರು ಹೀಗೆ ಬರೆದಿದ್ದಾರೆ. ತವರು ಮೈಸೂರು, ಗಂಡನ ಮನೆ ಸಾಗರದ ಹತ್ತಿರ. ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತಾರೆ. ಕಳೆದ ನವೆಂಬರ್‌ನಲ್ಲಿ ಮದುವೆಯಾಗಿದೆ. ಫೆಬ್ರವರಿಯಲ್ಲಿ ಗಂಡನಿಗೆ ಮ್ಯೂನಿಕ್‌ನ ಒಂದು ಕಂಪನಿಯಿಂದ ಕೆಲಸದ ಆಫರ್ ಬಂದಿದೆ. ಮಾರ್ಚ್ ಕೊನೆಯೊಳಗೆ ಸಹಿ ಹಾಕಬೇಕು, ಜೂನ್ 1ಕ್ಕೆ ಸೇರಬೇಕು ಎಂದಿದ್ದಾರಂತೆ. ಈ ವರ್ಷವೋ ಮನೆ ತುಂಬಾ ಕಾರ್ಯಗಳು. ಏಪ್ರಿಲ್ ಕೊನೆಗೆ ನಾದಿನಿಯ ಮದುವೆ. ಮೇ ತಿಂಗಳಲ್ಲಿ ಅಕ್ಕನ ಹೆರಿಗೆ. ಶ್ರಾವಣದಲ್ಲಿ ಮೊದಲ ಮಂಗಳಗೌರಿ, ಆಮೇಲೆ ಗೌರಿ ಹಬ್ಬ, ಅಳಿಯನಿಗೆ ಮೊದಲ ದೀಪಾವಳಿ, ಡಿಸೆಂಬರ್‌ನಲ್ಲಿ ಮಾವನ ಷಷ್ಟ್ಯಬ್ದಿ. ನಾದಿನಿಯ ಮದುವೆ ಮುಗಿಯುವ ತನಕ ಯಾರಿಗೂ ಹೇಳುವುದು ಬೇಡ ಅನ್ನುತ್ತಾರೆ ಗಂಡ. "ಯಾವುದನ್ನು ತಪ್ಪಿಸಿದರೆ ಕಡಿಮೆ ನೋವಾಗುತ್ತದೆ, ನೀವೇ ಹೇಳಿ" ಎಂದು ಇವರು ಕೇಳಿದ್ದಾರೆ.

ತಂಗೀ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಯಾವುದು ತಪ್ಪಿದರೆ ಯಾರಿಗೆ ಎಷ್ಟು ನೋವು ಅನ್ನುವುದು ನೋವಾಗುವವರಿಗೇ ಗೊತ್ತು. ಅವರನ್ನು ಕೇಳಬೇಕಾದರೆ ಮೊದಲು ವಿಷಯ ಹೇಳಬೇಕು. ಅದಕ್ಕೇ ನಾನು ಹೇಳುವುದು: ನಾದಿನಿಯ ಮದುವೆಯ ತನಕ ಕಾಯಬೇಡಿ. ಈ ಯುಗಾದಿಯಲ್ಲೇ ಹೇಳಿ.

ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ನನ್ನ ತಮ್ಮ ಹೊರದೇಶಕ್ಕೆ ಹೋಗಿ ಬಹಳ ವರ್ಷಗಳಾದವು. ಅವನೂ ಹೀಗೇ ಮಾಡಿದ. ಚಿಕ್ಕಪ್ಪನ ಮಗಳ ಮದುವೆ ಚೆನ್ನಾಗಿ ಆಗಲಿ, ಆಮೇಲೆ ಹೇಳೋಣ ಅಂತ ಕಾದ. ಬೀಗರ ಔತಣ ಮುಗಿದ ಮೇಲೆ ಹೇಳಿದಾಗ ಹೊರಡಲು 10 ದಿನ ಮಾತ್ರ ಉಳಿದಿತ್ತು. ಅಮ್ಮ ಜಾಸ್ತಿ ಮಾತಾಡಲಿಲ್ಲ. ಚಕ್ಕುಲಿ ಮಾಡಿದರು, ಚಟ್ನಿಪುಡಿ ಕುಟ್ಟಿಸಿದರು, ಕಳಿಸಿಕೊಟ್ಟರು. ಎರಡು ತಿಂಗಳಾದ ಮೇಲೆ ಮದುವೆಯ ಆಲ್ಬಂ ಬಂತು. ಅದರಲ್ಲಿ ತಮ್ಮ ಅಮ್ಮನ ಹೆಗಲ ಮೇಲೆ ಕೈ ಹಾಕಿಕೊಂಡು ನಗುತ್ತಿರುವ ಒಂದು ಫೋಟೋ ಇತ್ತು. ಅಮ್ಮ ಅದನ್ನೇ ನೋಡುತ್ತಾ ಫೋನಿನಲ್ಲಿ ಕೇಳಿದರು: "ಈ ಫೋಟೋ ತೆಗೆಸುವಾಗ ನಿನಗೆ ಗೊತ್ತಿತ್ತಾ?"

ತಮ್ಮ ಸುಮ್ಮನಿದ್ದ. ಆ ಫೋಟೋಗೆ ಅಮ್ಮ ಕೊನೆಗೂ ಕಟ್ಟು ಹಾಕಿಸಲಿಲ್ಲ. ಮಗ ದೂರ ಹೋದದ್ದನ್ನು ಅವರು ಒಂದು ವರ್ಷದಲ್ಲಿ ಒಪ್ಪಿಕೊಂಡರು. ಆ ಮದುವೆಯ ನಾಲ್ಕು ದಿನ ತಾನೊಬ್ಬಳೇ ಏನೂ ತಿಳಿಯದೆ ಓಡಾಡಿದೆ ಅನ್ನುವುದು ಮಾತ್ರ ಅವರಿಗೆ ಮರೆಯಲೇ ಇಲ್ಲ.

ನಿಮ್ಮವರ ಮನಸ್ಸು ನನಗೆ ಅರ್ಥವಾಗುತ್ತದೆ. ತಂಗಿಯ ಮದುವೆಯ ಸಂಭ್ರಮ ಕೆಡಬಾರದು, ಅಮ್ಮ ಚಪ್ಪರದ ಕೆಳಗೆ ಕಣ್ಣೀರು ಹಾಕಬಾರದು ಎಂದು ಅವರು ಯೋಚಿಸಿದ್ದಾರೆ. ಅದು ಪ್ರೀತಿಯೇ. ಆದರೆ ನಿಮ್ಮ ಅತ್ತೆ ಮಾವನ ಕಡೆಯಿಂದ ಒಮ್ಮೆ ನೋಡಿ. ಏಪ್ರಿಲ್ ಕೊನೆಗೆ ಮಗಳು ಹೊರಡುತ್ತಾಳೆ. ಅದಾಗಿ ಎರಡು ತಿಂಗಳಿಗೆ ಮಗ, ಸೊಸೆ ಹೊರಡುತ್ತಾರೆ. ಅಷ್ಟು ದೊಡ್ಡ ಮನೆ, ಅಡಿಕೆ ತೋಟ, ಅದರ ಮೇಲೆ ಮಲೆನಾಡಿನ ಮಳೆಗಾಲ. ಇದುವರೆಗೆ ಮಗ ಬೆಂಗಳೂರಿನಲ್ಲಿದ್ದರೂ ಏನಾದರೂ ಆದರೆ ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಬಂದಿಳಿಯುತ್ತಾನೆ ಅನ್ನುವ ಧೈರ್ಯ ಇತ್ತು. ಆ ಧೈರ್ಯ ಹೋಗುತ್ತದೆ. ತೋಟಕ್ಕೆ ಔಷಧ ಹೊಡೆಸುವುದಕ್ಕೆ, ಅಡಿಕೆಯ ಕೊನೆಕೊಯ್ಲಿಗೆ ಯಾರನ್ನು ಗೊತ್ತು ಮಾಡಬೇಕು, ಆಸ್ಪತ್ರೆಗೆ ಹೋಗಬೇಕಾದರೆ ಯಾರನ್ನು ಕರೆಯಬೇಕು, ಇದನ್ನೆಲ್ಲ ಅವರು ಯೋಚಿಸಬೇಡವೇ? ಅದಕ್ಕೆ ಎರಡು ತಿಂಗಳು ಸಾಲದು, ನಾಲ್ಕು ಬೇಕು. ನಾದಿನಿಗೂ ಈಗಲೇ ಹೇಳಿ. ಇನ್ನು ಮೇಲೆ ಅಪ್ಪ ಅಮ್ಮನಿಗೆ ಹತ್ತಿರ ಇರುವ ಮಗು ಅವಳೊಬ್ಬಳೇ. ಗಂಡನ ಮನೆಗೆ ಹೋದ ಮೊದಲ ತಿಂಗಳಲ್ಲೇ ಇದು ಸಿಡಿಲಿನ ಹಾಗೆ ಬಂದರೆ ಅವಳಿಗೆ ಸಹಿಸಲು ಕಷ್ಟ.

ಈಗ ದಿನಾಂಕಗಳ ಮಾತು. ನೀವು ಭಯದಲ್ಲಿ ಬರೆದಿದ್ದೀರಿ. ನಾನು ಪಂಚಾಂಗವನ್ನೂ ಕ್ಯಾಲೆಂಡರನ್ನೂ ಪಕ್ಕದಲ್ಲಿಟ್ಟುಕೊಂಡು ಕೂತೆ. ನೀವು ಅಂದುಕೊಂಡಷ್ಟು ಇಕ್ಕಟ್ಟು ಇಲ್ಲ.

ಜೂನ್ 1 ಅನ್ನುವುದು ನಡೆಯುವ ಮಾತಲ್ಲ. ನಿಮ್ಮವರಿಗೆ ಈಗಿನ ಕಂಪನಿಯಲ್ಲಿ 90 ದಿನದ ನೋಟಿಸ್ ಇದೆ ಎಂದು ಬರೆದಿದ್ದೀರಿ. ಮಾರ್ಚ್ ಕೊನೆಗೆ ಸಹಿ ಹಾಕಿ ರಾಜೀನಾಮೆ ಕೊಟ್ಟರೆ ಬಿಡುಗಡೆ ಸಿಗುವುದೇ ಜೂನ್ ಕೊನೆಗೆ. ಈ ನಡುವೆ ವೀಸಾ ಕೂಡ ಆಗಬೇಕು. ಹಾಗಾಗಿ ಜುಲೈ ಮಧ್ಯಕ್ಕೆ ಸೇರುತ್ತೇನೆ ಎಂದು ಈಗಲೇ ಕೇಳಲಿ. ನೋಟಿಸ್‌ನ ಕಾರಣ ಕೊಟ್ಟರೆ ಯಾರಾದರೂ ಅರ್ಥ ಮಾಡಿಕೊಳ್ಳುತ್ತಾರೆ. ಅಲ್ಲಿಗೆ ನಾದಿನಿಯ ಮದುವೆಗೆ ನೀವು ಇರುತ್ತೀರಿ. ಅಕ್ಕನ ಮಗುವನ್ನು ಎತ್ತಿಕೊಳ್ಳುತ್ತೀರಿ, ನಾಮಕರಣದಲ್ಲಿ ತೊಟ್ಟಿಲೂ ತೂಗುತ್ತೀರಿ.

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ವಿಷಯ ಹೇಳುತ್ತೇನೆ. ಈ ವರ್ಷ ಅಧಿಕ ಮಾಸ ಇದೆ. ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಆ ತಿಂಗಳಲ್ಲಿ ಮದುವೆ ಮುಂಜಿ ಇಲ್ಲ. ಆದರೆ ಎಷ್ಟೋ ಮನೆಗಳಲ್ಲಿ ಮಗಳು, ಅಳಿಯನನ್ನು ಕರೆದು, ಊಟ ಹಾಕಿ, 33 ಅಪೂಪ, ಅಂದರೆ ಸಿಹಿ ಕಜ್ಜಾಯ, ದಾನ ಕೊಟ್ಟು, ಬಟ್ಟೆ ಕೊಟ್ಟು ಕಳಿಸುವ ಪದ್ಧತಿ ಇದೆ. ಸುಮಾರು ಎರಡೂಮುಕ್ಕಾಲು ವರ್ಷಕ್ಕೆ ಒಮ್ಮೆ ಬರುವ ತಿಂಗಳು ಅದು. ಅಳಿಯನ ಮೊದಲ ದೀಪಾವಳಿ ತಪ್ಪುತ್ತದೆ ಎಂದು ನಿಮ್ಮ ತಾಯಿಗೆ ಮಾರ್ಚ್‌ನಲ್ಲೇ ಗೊತ್ತಾದರೆ, ಆ ಸಂಭ್ರಮವನ್ನೆಲ್ಲ ಅಧಿಕ ಮಾಸಕ್ಕೆ ತಂದುಕೊಳ್ಳಬಹುದು. ಜೂನ್‌ನಲ್ಲಿ ಗೊತ್ತಾದರೆ? ಅವರಿಗೆ ಏನು ಮಾಡಲೂ ದಾರಿ ಇರುವುದಿಲ್ಲ. ಹಿರಿಯರಿಂದ ಮುಚ್ಚಿಟ್ಟಾಗ ನಾವು ಕಿತ್ತುಕೊಳ್ಳುವುದು ಇದನ್ನೇ. ನಮಗಿಂತ ಚೆನ್ನಾಗಿ ಹೊಂದಿಸುವವರು ಅವರು. ಬಾಣಂತನ, ಹಬ್ಬ, ಮದುವೆ ಮೂರನ್ನೂ ಒಂದೇ ತಿಂಗಳಲ್ಲಿ ತೂಗಿಸಿದ ಕೈಗಳು ಅವು.

ಷಷ್ಟ್ಯಬ್ದಿಯನ್ನು ಮಾತ್ರ ತಪ್ಪಿಸಬೇಡಿ ಎಂದು ನಾನೇ ಹೇಳುತ್ತೇನೆ. ಈ ಯುಗಾದಿಗೆ ಪರಾಭವ ಸಂವತ್ಸರ ಶುರುವಾಗುತ್ತದೆ. ನಿಮ್ಮ ಮಾವ ಹುಟ್ಟಿದ್ದೂ ಇದೇ ಹೆಸರಿನ ಸಂವತ್ಸರದಲ್ಲಿ, 1966ರಲ್ಲಿ. 60 ಹೆಸರುಗಳು ಒಂದು ಸುತ್ತು ತಿರುಗಿ ಮತ್ತೆ ಅಲ್ಲಿಗೇ ಬಂದಿವೆ. ಮಕ್ಕಳು ಮುಂದೆ ನಿಂತು ಅಪ್ಪ ಅಮ್ಮನಿಗೆ ಮತ್ತೊಮ್ಮೆ ಮದುವೆ ಮಾಡಿಸುವ ದಿನ ಅದು. ಅದಕ್ಕೆ ಬರಲು ರಜೆಯ ಲೆಕ್ಕ ಮೊದಲೇ ಹಾಕಬೇಕು. ಜರ್ಮನಿಯ ಕಾನೂನಿನಲ್ಲಿ ವಾರಕ್ಕೆ 5 ದಿನ ಕೆಲಸ ಮಾಡುವವರಿಗೆ ವರ್ಷಕ್ಕೆ ಕನಿಷ್ಠ 20 ದಿನ ರಜೆ. ಕಂಪನಿಗಳು ಇದಕ್ಕಿಂತ ಜಾಸ್ತಿ ಕೊಡುವುದೇ ಹೆಚ್ಚು. ಆದರೆ ವರ್ಷದ ಪೂರ್ತಿ ರಜೆ ಸಿಗಬೇಕಾದರೆ ಕೆಲಸಕ್ಕೆ ಸೇರಿ 6 ತಿಂಗಳಾಗಬೇಕು. ಅಲ್ಲಿಯವರೆಗೆ ತುಂಬಿದ ಪ್ರತಿ ತಿಂಗಳಿಗೂ ಹನ್ನೆರಡರಲ್ಲಿ ಒಂದು ಪಾಲು. ಪ್ರೊಬೇಷನ್ ಕೂಡ ಸಾಮಾನ್ಯವಾಗಿ ಆ 6 ತಿಂಗಳೇ. ಅಂದರೆ ಈ ವರ್ಷ ಕೈಗೆ ಸಿಗುವುದು ಒಂದು ಪ್ರಯಾಣದಷ್ಟು ರಜೆ. ಅದನ್ನು ಡಿಸೆಂಬರ್‌ಗೆ ಇಟ್ಟುಕೊಳ್ಳಿ. ಪುರೋಹಿತರ ಹತ್ತಿರ ದಿನ ಗೊತ್ತು ಮಾಡಿಸಿ, ಸಹಿ ಹಾಕುವ ಮೊದಲೇ ಆ ದಿನಗಳಿಗೆ ರಜೆ ಬೇಕೆಂದು ಕೇಳಿ, ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ. ಕ್ರಿಸ್‌ಮಸ್ ಹೊತ್ತಿಗೆ ವಿಮಾನದ ದರ ಏರುತ್ತದೆ. ಟಿಕೆಟನ್ನು ಬೇಗ ಮಾಡಿಸಿ.

ಮಂಗಳಗೌರಿಯ ಬಗ್ಗೆ ನೀವು ತುಂಬಾ ಸಂಕಟಪಟ್ಟಿದ್ದೀರಿ. ಮೊದಲ ವರ್ಷ ತವರಿನಲ್ಲೇ ಆಗಬೇಕು ಅನ್ನುವ ಆಸೆ ತಾಯಿಗೆ ಇರುವುದು ಸಹಜ. ಆದರೆ ಮಂಗಳಗೌರಿ 5 ವರ್ಷದ ವ್ರತ. ಒಂದು ವರ್ಷ ಅಲ್ಲಿ, ಒಂದು ವರ್ಷ ಇಲ್ಲಿ ಆಗಲಿ. ಬೇಸಿಗೆಯಲ್ಲಿ ಮ್ಯೂನಿಕ್‌ನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ. ನೀವು ಬೆಳಿಗ್ಗೆ 7ಕ್ಕೆ ಪೂಜೆಗೆ ಕೂತರೆ ಅಮ್ಮನಿಗೆ ಹತ್ತೂವರೆ. ವಿಡಿಯೋದಲ್ಲಿ ಅವರೇ ಕಥೆ ಓದಲಿ. ಅಲ್ಲಿ ಮನೆಗಳಲ್ಲಿ ಹೊಗೆ ಎಚ್ಚರಿಕೆಯ ಗಂಟೆ ಕಡ್ಡಾಯವಾಗಿ ಇರುತ್ತದೆ. ಧೂಪ, ಕರ್ಪೂರ ಹಚ್ಚುವಾಗ ಕಿಟಕಿ ತೆರೆದಿಡಿ. ಬೆಳ್ಳಿಯ ಗೌರಿ ಮುಖವಾಡವನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ, ಲಗೇಜಿಗೆ ಹಾಕಬೇಡಿ.

ಇಷ್ಟು ಉದ್ದದ ಪತ್ರದಲ್ಲಿ ನಿಮ್ಮ ಬಗ್ಗೆ ಇರುವುದು ಒಂದೇ ಸಾಲು. "ನಾನು ಅಲ್ಲಿ ಏನು ಮಾಡುವುದೋ ಗೊತ್ತಿಲ್ಲ." ಎಲ್ಲರ ಹಬ್ಬವನ್ನೂ ಲೆಕ್ಕ ಹಾಕಿದ್ದೀರಿ, ನಿಮ್ಮನ್ನು ಬಿಟ್ಟು. ನಿಮಗೆ ಹೋಗಲು ಮನಸ್ಸಿದೆಯಾ? ಇದನ್ನು ನಿಮ್ಮವರು ಸಹಿ ಹಾಕುವ ಮೊದಲು ನೀವಿಬ್ಬರೂ ಮಾತಾಡಲೇಬೇಕು. ಅವರಿಗೆ ಬ್ಲೂ ಕಾರ್ಡ್, ಅಂದರೆ ಹೆಚ್ಚು ಓದಿದ ಹೊರದೇಶದ ಕೆಲಸಗಾರರಿಗೆ ಅಲ್ಲಿ ಕೊಡುವ ವಾಸದ ಪರವಾನಗಿ, ಸಿಕ್ಕರೆ ನಿಮಗೆ ವೀಸಾಗೆ ಜರ್ಮನ್ ಪರೀಕ್ಷೆ ಬೇಕಿಲ್ಲ. ಹೋದ ಕೂಡಲೇ ಕೆಲಸ ಮಾಡುವ ಹಕ್ಕೂ ಇದೆ. ಆದರೆ ಹಕ್ಕು ಇದ್ದಮಾತ್ರಕ್ಕೆ ಕೆಲಸ ಸಿಗುವುದಿಲ್ಲ. ಅಲ್ಲಿನ ಶಾಲೆಯಲ್ಲಿ ಗಣಿತ ಹೇಳಿಕೊಡಬೇಕಾದರೆ ಜರ್ಮನ್ ಚೆನ್ನಾಗಿ ಬರಬೇಕು, ನಿಮ್ಮ ಪದವಿಗೆ ಅಲ್ಲಿ ಮಾನ್ಯತೆಯೂ ಬೇಕು. ವರ್ಷಗಟ್ಟಲೆ ಹಿಡಿಯುವ ಕೆಲಸ ಅದು. ಏಪ್ರಿಲ್‌ನಲ್ಲಿ ಪರೀಕ್ಷೆಗಳು ಮುಗಿದು ಶಾಲೆಗೆ ರಜೆ ಸಿಕ್ಕ ಕೂಡಲೇ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ತರಗತಿಗೆ ಸೇರಿ. ಮದುವೆ ಮನೆಯ ಓಡಾಟದ ನಡುವೆ ಅದಕ್ಕೆ ಸಮಯ ಎಲ್ಲಿ ಅನ್ನಬೇಡಿ. ಅಷ್ಟು ಹೊತ್ತು ನಿಮ್ಮದು. ಹೋಗಿ ಒಂದು ವರ್ಷ ನೋಡೋಣ, ಸರಿಹೋಗದಿದ್ದರೆ ಮತ್ತೆ ಕೂತು ಮಾತಾಡೋಣ ಎಂದು ಇಬ್ಬರೂ ಒಪ್ಪಿಕೊಂಡರೆ ಅದೂ ಒಳ್ಳೆಯದೇ. ಮದುವೆಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿಲ್ಲ ಅಂದಿದ್ದೀರಿ. ಛತ್ರದ ರಸೀದಿ, ಲಗ್ನಪತ್ರಿಕೆ ವೀಸಾಗೆ ಸಾಲದು. ಅದನ್ನು ಈ ವಾರವೇ ಶುರು ಮಾಡಿ.

ಇನ್ನು ಹೇಳುವುದು ಹೇಗೆ ಅನ್ನುವ ಮಾತು. ಯುಗಾದಿ ಮಾರ್ಚ್ 19, ಗುರುವಾರ. ನೀವು ಸಾಗರದಲ್ಲಿ ಇರುತ್ತೀರಿ. ಹಬ್ಬದ ದಿನ ಬೇಡ. ಬೇವು ಬೆಲ್ಲ ತಿಂದು, ಹೋಳಿಗೆ ಊಟ ಮಾಡಿ, ಪಂಚಾಂಗ ಕೇಳಿ, ಆ ದಿನವನ್ನು ಅವರಿಗೇ ಬಿಟ್ಟುಕೊಡಿ. ಶುಕ್ರವಾರ ಬೆಳಿಗ್ಗೆ ಜಗಲಿಯಲ್ಲಿ ಕೂತು ನಿಮ್ಮವರೇ ಹೇಳಲಿ. ಅವರ ಅಪ್ಪ ಅಮ್ಮನಿಗೆ ನೀವು ಹೇಳಬೇಡಿ. "ಸೊಸೆ ಕರೆದುಕೊಂಡು ಹೊರಟಳು" ಅನ್ನುವ ಮಾತು ಬಹಳ ಸುಲಭವಾಗಿ ಹುಟ್ಟುತ್ತದೆ, ಬೇಗ ಸಾಯುವುದಿಲ್ಲ. ಅವತ್ತೇ ರಾತ್ರಿ ತಾಳಗುಪ್ಪ–ಮೈಸೂರು ರೈಲು ಹತ್ತಿ. ಶನಿವಾರ ಬೆಳಿಗ್ಗೆ ನಿಮ್ಮ ಅಪ್ಪ ಅಮ್ಮನಿಗೆ ನೀವು ಹೇಳಿ. ಅಲ್ಲಿಯವರೆಗೆ ಮೈಸೂರಿಗೆ ಫೋನ್ ಮಾಡಬೇಡಿ ಎಂದು ಅತ್ತೆ ಮಾವನನ್ನು ಕೇಳಿಕೊಳ್ಳಿ. ಸ್ವಂತ ಮಗಳ ಸುದ್ದಿಯನ್ನು ಬೀಗರಿಂದ ಕೇಳುವ ಹಾಗೆ ಆಗಬಾರದು.

ಹೇಳುವಾಗ ಸಂಬಳದಿಂದ ಶುರು ಮಾಡಬೇಡಿ, ಕಾರಣಗಳ ಪಟ್ಟಿ ಕೊಡಬೇಡಿ. "ಹೀಗೊಂದು ಅವಕಾಶ ಬಂದಿದೆ, ಹೋಗಬೇಕು ಅಂದುಕೊಂಡಿದ್ದೇವೆ. ಈ ವರ್ಷದ ಕಾರ್ಯಗಳನ್ನು ಹೇಗೆ ಹೊಂದಿಸೋಣ, ನೀವು ಹೇಳಿ" ಅನ್ನಿ. ಆಮೇಲೆ ಸುಮ್ಮನಿರಿ. ಮಾವ ಏನೂ ಮಾತಾಡದೆ ತೋಟದ ಕಡೆ ನಡೆದುಬಿಡಬಹುದು. ಹೋಗಲಿ, ಊಟದ ಹೊತ್ತಿಗೆ ಬರುತ್ತಾರೆ. ನಿಮ್ಮ ಅಮ್ಮ ಆ ಮೊರಗಳನ್ನು ತಂದು ಮುಂದಿಟ್ಟು ಅಳಬಹುದು. ನೀವೂ ಅಲ್ಲೇ ಪಕ್ಕದಲ್ಲಿ ಕೂತು ಅತ್ತುಬಿಡಿ. ಈ ಸಲ ಬಚ್ಚಲಿಗೆ ಹೋಗಬೇಡಿ.